ಎಡಬಾಗಿಲಿನ ಚಂದ್ರ

ಮಾರ್ಚ್ ೪

ದೂರದ ಬಂದರಿನಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತ, ಮನೆಯವರ ಹೆಸರು ಮರೆತು ಕೂತಿರುವ ಘನತೆವೆತ್ತ ಚಿಕ್ಕಪ್ಪನವರ ಸನ್ನಿಧಾನಕ್ಕೆ,

ಇಲ್ಲಿ ಮನುಷ್ಯರೆಲ್ಲ ಕ್ಷೇಮ. ಚಂದ್ರರಿಬ್ಬರು ಮಾತ್ರ ಕ್ಷೇಮವಾಗಿಲ್ಲ. ಆ ಸಂಗತಿಯನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿಯೇ ಈ ಅರಿಕೆ.

ನಮ್ಮ ಹಾಸಿಗೆ ಗಾಡಿಯ ತಳದಲ್ಲಿ ಬೆಕ್ಕು ತಲೆ ಹಾಕುವಷ್ಟು ತೂತು ಬಿದ್ದಿತ್ತು. ಬೆಕ್ಕು ತಲೆ ಹಾಕಿಯೂ ಇತ್ತು. ಹಾಗಾಗಿ ಗಾಡಿಯನ್ನು ಬಣ್ಣದ ಮೇಸ್ತ್ರಿಯ ಶೆಡ್ಡಿಗೆ ಸೇರಿಸಿದ್ದೇವೆ. ಮೇಸ್ತ್ರಿ ಬದಲಾಗಿಲ್ಲ. ಯಾವ ಗಾಡಿ ತಂದರೂ "ಎಲ್ಲಾ ಉಜ್ಜಿ ಬಿಳೀ ಹೊಡೆದುಬಿಡೋಣ" ಅನ್ನುತ್ತಾನೆ. ಏಣಿ ಹಾಕಿಕೊಟ್ಟರೆ ಆಕಾಶವನ್ನೂ ಉಜ್ಜಿ ಬಿಳೀ ಹೊಡೆದಾನು. ನಾನು ಎರಡು ಬಾಗಿಲುಗಳ ಮೇಲೂ ಹಳೇ ಪೇಪರ್ ಅಂಟಿಸಿ, ಅದರ ಮುಂದೆ ಸ್ಟೂಲ್ ಹಾಕಿಕೊಂಡು ಸತ್ಯಾಗ್ರಹ ಕೂತೆ.

"ಇದರಲ್ಲಿ ಉಳಿಸೋಕೆ ಏನಿದೆ ತಾಯಿ? ಎರಡು ತಟ್ಟೆ ಅಂಟಿಸಿದ ಹಾಗಿದೆ" ಅಂದ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನೀನು ಬರೆದ ದಿಂಬುಗಳಿವೆ, ದಿಂಬಿನ ಕುಚ್ಚುಗಳಿವೆ, ಚಂದ್ರರ ಕೊಂಬಿನ ತುದಿಗಳಿವೆ, ಕೆಳಗೆ 'ಸುಖನಿದ್ದೆ' ಎಂಬ ಅಕ್ಷರಗಳಿವೆ. ಮುಖಗಳು ಮಾತ್ರ ಇಲ್ಲ. ನಿನ್ನ ಬಾಗಿಲಿನ ಚಂದ್ರನ ಮುಖವನ್ನು ಕಿಟಕಿಯಾಚೆ ಇಳಿಬಿಡುತ್ತಿದ್ದ ನಿನ್ನ ತೋಳು ತಿಂದುಹಾಕಿದೆ. ಎಡಬಾಗಿಲಿನವನ ಮುಖವನ್ನು ಅಪ್ಪನ ಕೈ ತಿಂದಿದೆ. ನಡುವೆ ಬರೀ ತಗಡು ಹೊಳೆಯುತ್ತಿದೆ.

ಈಗ ಪ್ರಶ್ನೆ ಏನೆಂದರೆ, ಇವರ ಕಣ್ಣು ಮುಚ್ಚಿತ್ತೋ ತೆರೆದಿತ್ತೋ? ಸಾಕ್ಷಿಗಳನ್ನು ವಿಚಾರಿಸಿದೆ. ಅಮ್ಮ, "ಹಾಸಿಗೆ ಮಾರೋ ಗಾಡಿ ಮೇಲೆ ಎಚ್ಚರವಾಗಿರೋ ಚಂದ್ರನ್ನ ಯಾರಾದ್ರೂ ಬರೀತಾರಾ" ಅಂದಳು. ಮೇಸ್ತ್ರಿ, ಒಬ್ಬನಿಗೆ ಕನ್ನಡಕ ಇತ್ತು ಅಂದ. ಅವನ ಸಾಕ್ಷ್ಯವನ್ನು ತಳ್ಳಿಹಾಕಲಾಗಿದೆ.

ನೀನು ಯಾಕೆ ಹೋದೆ ಅಂತ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಪ್ಪ ನಿನ್ನ ಕೈಯಿಂದ ಗಾಡಿಯ ಬೀಗದ ಕೈ ಕಿತ್ತುಕೊಂಡ, ನೀನು ಚೀಲ ಎತ್ತಿಕೊಂಡೆ. ನನಗೆ ಗೊತ್ತಿರುವುದು ಅಷ್ಟೇ. ಈಗ ಅಪ್ಪ ಓಡಿಸುತ್ತಾನೆ, ಎಡಗಡೆ ಸೀಟಿನಲ್ಲಿ ದಿಂಬುಗಳು ಕೂರುತ್ತವೆ. ಆದರೆ ಈ ಕಾಗದ ಬರೆಯಲು ಹೇಳಿದವನು ಅಪ್ಪನೇ. ಆದ್ದರಿಂದ ಬಣ್ಣ ಯಾವುದು, ಕಣ್ಣು ಹೇಗೆ, ಎರಡನ್ನೂ ಕೂಡಲೇ ತಿಳಿಸತಕ್ಕದ್ದು. ತಡವಾದರೆ ಆ ಜಾಗದಲ್ಲಿ ಬಾತುಕೋಳಿ ಬರೆಯುವುದಾಗಿ ಮೇಸ್ತ್ರಿ ಹೇಳಿದ್ದಾನೆ. ಮಾದರಿ ಲಗತ್ತಿಸಿದೆ.

ಇಂತಿ,
ಚಂದ್ರ ಸಂರಕ್ಷಣಾ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಕಾವಲುಗಾರ್ತಿ,
ತರಲೆ


ಮಾರ್ಚ್ ೧೯

ತರಲೆಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಇಲ್ಲಿ ಕೆಲಸ ಜಾಸ್ತಿ. ದೋಣಿಗಳು ಹೆಸರಿಗಾಗಿ ಸಾಲುಗಟ್ಟಿ ನಿಂತಿವೆ.

ನಿನ್ನ ಅಕ್ಷರ ಇರುವೆ ಸಾಲು. ಇಲ್ಲಿ ಬಲೆ ಹೆಣೆಯುವ ಅಕ್ಕ ಒಬ್ಬಳಿದ್ದಾಳೆ, ಅವಳ ಕೈಲಿ ಓದಿಸಿದೆ. ನನ್ನ ಕೈ ತುಂಬ ಬಣ್ಣ ಇತ್ತು, ಅದಕ್ಕೆ. ಬಾತುಕೋಳಿ ಲಕ್ಷಣವಾಗಿದೆ ಅಂದಳು. ಮುಂದಿನ ಸಲ ದೊಡ್ಡದಾಗಿ ಬರೆ. ನಿಮ್ಮಲ್ಲಿ ಕಾಗದಕ್ಕೆ ಬರವೇ?

ಚಂದ್ರನ ಬಣ್ಣ ಹಳದಿಯಲ್ಲ. ಹಳದಿ ಬಳಿದರೆ ಕೈ ಮುರಿಯುತ್ತೇನೆ. ಬಿಳಿಗೆ ಹಳದಿಯನ್ನು ಬರೀ ತೋರಿಸಿ ತೆಗೆಯಬೇಕು, ಮಗುವಿಗೆ ಮಿಠಾಯಿ ತೋರಿಸಿ ಬಚ್ಚಿಡುವ ಹಾಗೆ. ಅವನ ಹಿಂದಿನ ಆಕಾಶದ ನೀಲಿ ಕತ್ತಲೆಯದಲ್ಲ. ದೀಪ ಹಚ್ಚಬೇಕೋ ಇನ್ನೂ ಸ್ವಲ್ಪ ಹೊತ್ತು ಬೇಡವೋ ಅಂತ ಮನೆಯವರು ಅನುಮಾನಿಸುವ ಹೊತ್ತಿನದು. ಡಬ್ಬಿಯಲ್ಲಿ ಸಿಗಲ್ಲ. ನೀಲಿಗೆ ಸ್ವಲ್ಪ ಬೂದಿ ಬಣ್ಣ, ಒಂದೇ ಒಂದು ತೊಟ್ಟು ಕೆಂಪು. ಎರಡನೇ ತೊಟ್ಟು ಬಿದ್ದರೆ ನೇರಳೆಯಾಗಿ ಕೆಡುತ್ತದೆ.

ಕಣ್ಣಿನ ಮಾತು ಆಮೇಲೆ. ಮೊದಲು ನೀಲಿ ಒಣಗಲಿ.

ಕೇಳಲು ಹೇಳಿದವನು ಅಣ್ಣನೇ ಏನು? ಅವನ ಬಾಯಿಂದ ಯಾವ ಮಾತು ಬಂತೋ ಅದನ್ನೇ ಬರೆ. ನೀನು ಕಟ್ಟಿ ಹೇಳಬೇಡ.

ಚಿಕ್ಕಪ್ಪ


ಮಾರ್ಚ್ ೨೪

ದೊಡ್ಡದಾಗಿ ಬರೆ ಅಂದೆಯಲ್ಲ.

ಇಗೋ, ಬ್ರಶ್ಶಿನಲ್ಲೇ ಬರೆದಿದ್ದೇನೆ.

ಹಾಳೆಗೆ ಒಂದೇ ಸಾಲು.

ಲಕೋಟೆ ಸಾಲದೆ ದಿಂಬಿನ ಚೀಲದಲ್ಲಿ ತುಂಬಿದೆ.

ಅಂಚೆಯವರು "ಏನಮ್ಮ ಇದು" ಅಂದರು.

"ಕ್ಷೇಮ ಸಮಾಚಾರ" ಅಂದೆ.

ನೀಲಿ ಒಣಗಿದೆ. ಮೇಸ್ತ್ರಿ ತನ್ನ ಬಿಳೀ ಡಬ್ಬಿಗೆ ಮುಚ್ಚಳ ಹಾಕಿದ.

ಕಣ್ಣು ಹೇಳು.

ಅಪ್ಪನ ಬಾಯಿಂದ ಬಂದ ಮಾತು: "ಅವನಿಗೆ ಗೊತ್ತಿರುತ್ತೆ."

ಇದನ್ನು ಕಟ್ಟಿಲ್ಲ.

ತರಲೆ


ಮಾರ್ಚ್ ೨೮

ತರಲೆಗೆ,

ನಿನ್ನ ದಿಂಬು ಬಂತು. ಹಾಳೆಗಳನ್ನೆಲ್ಲ ಒಂದು ದೋಣಿಯ ಮಗ್ಗುಲಿಗೆ ಸಾಲಾಗಿ ಒರಗಿಸಿ, ನಡೆದುಕೊಂಡು ಹೋಗಿ ಓದಿದೆ. ನಾನೇ ಓದಿದೆ. ತನ್ನ ಕೆಲಸ ಕಿತ್ತುಕೊಂಡೆ ಅಂತ ಬಲೆಯಕ್ಕನಿಗೆ ಕೋಪ. ನೀನು ತಮಾಷೆಗೆ ಮಾಡಿದ್ದೀಯ ಅಂತ ಗೊತ್ತು. ಇನ್ನು ಮೇಲೂ ತಮಾಷೆಗೆ ಹೀಗೇ ಬರೆ.

ಅಣ್ಣ ಹಾಗಂದನಾ? ಸರಿ.

ಗಾಡಿ ಹೊಸದಾಗಿ ಬಂದಾಗ ನೀನು ಹುಟ್ಟಿರಲಿಲ್ಲ. ಹಿಂದುಗಡೆ ಹಾಸಿಗೆಗಳ ಗುಡ್ಡ, ಎಡಗಡೆ ಅಣ್ಣ, ಸ್ಟೇರಿಂಗ್ ಮುಂದೆ ನಾನು. ಊರು ದಾಟುವುದಕ್ಕಿಲ್ಲ, ಅವನು ಕಿಟಕಿಯಾಚೆ ಕೈ ಇಳಿಬಿಟ್ಟು ಮಲಗಿರುತ್ತಿದ್ದ. ಗಾಡಿಯೊಳಗೆ ಹೊಸ ಹತ್ತಿಯ ವಾಸನೆ. ರಸ್ತೆಯ ಉಬ್ಬುಗಳ ಮೇಲೆ ನಾನು ನೀರಿನ ಮೇಲಿನ ಎಲೆ ಹೋದ ಹಾಗೆ ಹೋಗುತ್ತಿದ್ದೆ. ಕೆಲವು ಸಲ ನಾವು ನಿಂತೇ ಇದ್ದೇವೆ, ಮನೆಗಳು, ಮರಗಳು, ಒಣಹಾಕಿದ ಬಟ್ಟೆಗಳು ಒಂದೊಂದಾಗಿ ನಮ್ಮನ್ನು ಎಬ್ಬಿಸದ ಹಾಗೆ ತುದಿಗಾಲಲ್ಲಿ ದಾಟಿ ಹೋಗುತ್ತಿವೆ ಅನ್ನಿಸೋದು. ಗಿರಾಕಿಗಳು "ಹಾಸಿಗೆ ಹೇಗೆ, ಚೆನ್ನಾಗಿದೆಯಾ" ಅಂತ ಕೇಳಿದರೆ ನಾನು ಮಾತಾಡುತ್ತಿರಲಿಲ್ಲ. ಅಣ್ಣನ ಕಡೆ ಬೆರಳು ತೋರಿಸುತ್ತಿದ್ದೆ.

ಅಂಥವನು ಒಂದು ದಿನ, "ನೀನು ಓಡಿಸಿದ್ರೆ ನನಗೆ ನಿದ್ದೆ ಬರಲ್ಲ, ಕೊಡು ಬೀಗದ ಕೈ" ಅಂದ. ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ಅವನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಹೊಡೆದಿದ್ದರೂ ಅಣ್ಣ ತಾನೇ. ಆ ಮಾತು ಬೇರೆ.

ಇರಲಿ. ನನ್ನ ಬಾಗಿಲಿನ ಚಂದ್ರನಿಗೆ ಕಣ್ಣು ಅಗಲವಾಗಿರಲಿ, ಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ. ಎಡಗಡೆಯವನಿಗೆ ಮಾತ್ರ ಕಣ್ಣು ಬಿಡಿಸಬೇಡ.

ಚಿಕ್ಕಪ್ಪ


ಏಪ್ರಿಲ್ ೯

ವರ್ಣಬ್ರಹ್ಮ ಚಿಕ್ಕಪ್ಪನವರಿಗೆ,

ಈ ಸಲ ಸಮಾಚಾರ ಬಹಳ. ಹಾಳೆಗೊಂದು ಸಾಲು ಬರೆದರೆ ಹಾಸಿಗೆ ಗಾಡಿಯಲ್ಲೇ ಕಳಿಸಬೇಕಾಗುತ್ತದೆ. ಬಲೆಯಕ್ಕನ ಹೊಟ್ಟೆಪಾಡನ್ನೂ ನೋಡಬೇಕಲ್ಲ. (ಅಕ್ಕಾ, ನಮಸ್ಕಾರ. ಮುಂದೆ ಸ್ವಲ್ಪ ನಾಟಕೀಯವಾಗಿ ಓದಿ.)

ಚಂದ್ರರು ಮುಗಿದರು. ನಿನ್ನ ಬಾಗಿಲಿನವನು ಎಷ್ಟು ಎಚ್ಚರವಾಗಿದ್ದಾನೆ ಅಂದರೆ ಮೇಸ್ತ್ರಿ ಅವನ ಎದುರಿಗೆ ಬೀಡಿ ಹಚ್ಚಲು ಹೆದರುತ್ತಾನೆ. ಎಡಗಡೆಯವನಿಗೆ ಅಪ್ಪಣೆಯಂತೆ ಕಣ್ಣು ಬಿಡಿಸಲಿಲ್ಲ. ಮೂಗಿದೆ, ತುಟಿಯಿದೆ, ಕೆನ್ನೆಯಿದೆ. ಕಣ್ಣಿರಬೇಕಾದ ಕಡೆ ತಿಳಿ ಹಾಲಿನಂಥ ಬಣ್ಣ, ನುಣ್ಣಗೆ. ಮೊದಲು ನಾನೂ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಗಾಢ ನಿದ್ದೆಯಲ್ಲಿರುವವನಿಗೆ ಕಣ್ಣಿದ್ದದ್ದೇ ನೆನಪಿರುವುದಿಲ್ಲ, ಮುಖ ಅಂದರೆ ಆಗಷ್ಟೇ ಹೊದಿಸಿದ ಹಾಸಿಗೆ. ಎಂಥ ಕಲ್ಪನೆ ಚಿಕ್ಕಪ್ಪ. ಹತ್ತಿರ ಹೋದರೆ ಅವನು ಉಸಿರಾಡುತ್ತಾನೆ ಅನ್ನಿಸುತ್ತದೆ. ಮೇಸ್ತ್ರಿ "ಮರೆತುಬಿಟ್ಯಾ" ಅಂದ. "ಇದು ನಿಮ್ಮ ಅಳತೆಗೆ ಸಿಗೋ ಕಲೆಯಲ್ಲ" ಅಂತ ಉಪದೇಶ ಮಾಡಿದೆ.

ಅಪ್ಪ ಇನ್ನೂ ನೋಡಿಲ್ಲ. ಬಾಗಿಲುಗಳ ಮೇಲೆ ಪರದೆ ಇಳಿಬಿಟ್ಟಿದ್ದೇನೆ, ಅನಾವರಣಕ್ಕೆ ಗಣ್ಯರೊಬ್ಬರು ಬರಬೇಕಿದೆ.

ಗಣ್ಯರು ಅಂದರೆ ನೀನೇ. ಬಾ ಚಿಕ್ಕಪ್ಪ.

ಈಗ ತಮಾಷೆ ಬಿಟ್ಟು ಒಂದು ಮಾತು. ಅಪ್ಪನಿಗೆ ನಿದ್ದೆ ಇಲ್ಲ. ನೀನು ಹೋದಾಗಿನಿಂದ ಹೀಗೇ, ಈಗೀಗ ಹೆಚ್ಚು. ಊರಿಗೆಲ್ಲ ಹಾಸಿಗೆ ಹೊಲಿಯುವವನು ಮನೆಯಲ್ಲಿರುವ ಒಂದೊಂದು ಹಾಸಿಗೆಯನ್ನೂ ಬದಲಿಸಿ ನೋಡಿದ. ಗಟ್ಟಿ ಹತ್ತಿ, ಮೆತ್ತನೆ ಹತ್ತಿ, ಕೊನೆಗೆ ಬರೀ ನೆಲ. ಮಧ್ಯಾಹ್ನ ಹೊಲಿಯುತ್ತ ಹೊಲಿಯುತ್ತ ಸೂಜಿ ಹಿಡಿದ ಕೈ ನಿಂತುಬಿಡುತ್ತದೆ, ಆದರೆ ಕಣ್ಣು ತೆರೆದೇ ಇರುತ್ತದೆ. "ಮಲಗಬಾರದಾ" ಅಂದರೆ, "ನಿದ್ದೆ ಏನು ನಾಯೀನಾ, ಕರೆದ ತಕ್ಷಣ ಬರೋಕೆ" ಅನ್ನುತ್ತಾನೆ. ಮೊನ್ನೆ ಶೆಡ್ಡಿಗೆ ಬಂದವನು ಪರದೆ ಸರಿಸದೆ ಎಡಗಡೆ ಸೀಟಿನಲ್ಲಿ ಹೋಗಿ ಕೂತ. ಬಹಳ ಹೊತ್ತು ಕೂತಿದ್ದು ಇಳಿದು ಬಂದು, "ಗಾಡಿ ಓಡದೆ ಇದ್ರೆ ಪ್ರಯೋಜನ ಇಲ್ಲ" ಅಂದ.

ಮತ್ತೆ, ಆ "ಅವನಿಗೆ ಗೊತ್ತಿರುತ್ತೆ" ಅನ್ನುವ ಮಾತು. ಅಪ್ಪ ಅಂದದ್ದು ನಿಜ. ಆದರೆ ನಾನು ಕೇಳಿದ್ದು ಗಾಡಿಯ ಜಾಕಿ ಎಲ್ಲಿದೆ ಅಂತ. ನಾನು ನಿನಗೆ ಬರೆಯುತ್ತಿರುವುದು ಅಪ್ಪನಿಗೆ ಗೊತ್ತೇ ಇಲ್ಲ. ಸುಳ್ಳನ್ನು ಇಷ್ಟು ಚಿಕ್ಕ ಅಕ್ಷರದಲ್ಲಿ ಒಪ್ಪಿಕೊಂಡರೆ ಪಾಪವೂ ಚಿಕ್ಕದು ಅಂತ ಲೆಕ್ಕ ಹಾಕಿದ್ದೇನೆ.

ಇಂತಿ,
ಅಪರಾಧಿ ಹಾಗೂ ಕಲಾವಿದೆ,
ತರಲೆ


ಮೇ ೨

ಚಿಕ್ಕಪ್ಪ,

ನಿನ್ನ ಉತ್ತರ ಬರಲಿಲ್ಲ. ಜಾಕಿ ವಿಷಯಕ್ಕೆ ಮುನಿಸಿಕೊಂಡಿದ್ದೀಯ ಅಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಬ್ರಶ್ಶಿನಲ್ಲಿ ಬರೆಯುತ್ತಿದ್ದೇನೆ. ಇದು ತಮಾಷೆಗಲ್ಲ. ಹಾಸಿಗೆ ಬಟ್ಟೆ ಸುತ್ತಿ ಬರುವ ಕಾಗದವೆಲ್ಲ ಮುಗಿದರೂ ಸರಿ. ನೀನೇ ಓದಬೇಕು, ಬಲೆಯಕ್ಕ ಅಲ್ಲ.

ಮೊನ್ನೆ ಅಪ್ಪ ಗಾಡಿ ತರಲು ಹೋದ. ನಾನು ಗಣ್ಯರಿಲ್ಲದೆಯೇ ಪರದೆ ಎಳೆದೆ. ನಿನ್ನ ಬಾಗಿಲು ನೋಡಿ, "ಹೂಂ, ಇವನೇ" ಅಂದ. ಸುತ್ತು ಹಾಕಿ ಎಡಗಡೆ ಬಂದ. ನಿಂತುಬಿಟ್ಟ. ಆ ಕಣ್ಣಿಲ್ಲದ ಮುಖದ ಮೇಲೆ ಅಂಗೈ ಇಟ್ಟ. ಹಿಂದಿನ ದಿನವಷ್ಟೇ ಇನ್ನೊಂದು ಕೈ ಬಳಿದಿದ್ದ ಬಣ್ಣ ಇನ್ನೂ ಸ್ವಲ್ಪ ಹಸಿ ಇತ್ತು, ನಾನು ಹೇಳಲಿಲ್ಲ.

"ಇದು ಯಾರು ಹೇಳಿದ್ದು?"

"ಚಿಕ್ಕಪ್ಪ. ಕಾಗದ ಬರೆದಿದ್ದೆ. ಎಡಗಡೆಯವನಿಗೆ ಕಣ್ಣು ಬಿಡಿಸಬೇಡ ಅಂತ ಬರೆದ."

"ಅವನೇ ಬರೆದ್ನಾ? ಅವನ ಕೈಯಾರೆ?"

"ಹೌದಪ್ಪ. ಒಂದೊಂದು ಅಕ್ಷರ ಕುಂಬಳಕಾಯಿ ಗಾತ್ರ."

ಅಪ್ಪ ಶೆಡ್ಡಿನ ಮೆಟ್ಟಿಲ ಮೇಲೆ ಕೂತ. "ಹಾಗಾದ್ರೆ ಪೂರ್ತಿ ಹೋಯ್ತು" ಅಂದ.

"ಏನು ಹೋಯ್ತು?"

"ಕಣ್ಣು ಕಣೇ. ಅವನ ಕಣ್ಣು."

ಆಮೇಲೆ ಹೇಳಿದ. ನೀನು ಹೋಗುವ ಮುಂಚೆಯೇ ಅವನಿಗೆ ಗೊತ್ತಾಗಿತ್ತಂತೆ. ನೀನು ಎದುರು ನಿಂತವರ ಮುಖ ನೋಡದೆ ಭುಜ ನೋಡಿ ಮಾತಾಡುತ್ತಿದ್ದೆಯಂತೆ. ಗೇಟಿನ ಕಂಬಕ್ಕೆ ಗಾಡಿ ಉಜ್ಜಿ, ಕಂಬವೇ ಸರಿದು ಬಂತು ಅಂದೆಯಂತೆ. ಒಂದು ದಿನ ರಸ್ತೆ ದಾಟುತ್ತಿದ್ದ ಹೆಂಗಸು ತಾನೇ ಹಿಂದಕ್ಕೆ ಹಾರಿಕೊಂಡಳಂತೆ, ನೀನು ನೋಡಲೇ ಇಲ್ಲವಂತೆ. ಎಡಗಡೆ ಕೂತವನು ಅವತ್ತು ಮಲಗಿರಲಿಲ್ಲ. ಅದಾದ ಮೇಲೆ ಮಲಗಿದಂತೆ ನಟಿಸಿಕೊಂಡು ರಸ್ತೆ ನೋಡುತ್ತಿದ್ದನಂತೆ.

"ನಿನಗೆ ಕಣ್ಣು ಕಾಣಲ್ಲ ಕಣೋ ಅಂತ ಹೇಳ್ಬೇಕಿತ್ತು. ಚಿತ್ರ ಬರೆಯೋನಿಗೆ ಹೇಗೆ ಹೇಳೋದು? ಅದಕ್ಕೆ ನಿದ್ದೆ ಬರಲ್ಲ ಅಂತ ಒಂದು ಸುಳ್ಳು ಹೇಳ್ದೆ. ಆ ಸುಳ್ಳು ನನ್ನನ್ನೇ ಹಿಡ್ಕೊಂಡ್ತು ನೋಡು."

ಚಿಕ್ಕಪ್ಪ, ನಾನು ನಿನ್ನ ದೊಡ್ಡ ಅಕ್ಷರಕ್ಕೆ ನಕ್ಕಿದ್ದೆ. ಅವತ್ತು ಬ್ರಶ್ಶಿನಲ್ಲಿ ಬರೆದದ್ದೂ ನಿನಗೆ ಓದಲು ಸಿಗಲಿ ಅಂತ ಅಲ್ಲ, ಗೇಲಿ ಮಾಡುವುದಕ್ಕೆ. ಎಷ್ಟು ಉಳಿದಿದೆ, ಅದನ್ನು ಹೇಳು. ಅಪ್ಪ ಊಟದ ತಟ್ಟೆ ಮುಂದೆ ಕೂತು ಅಷ್ಟನ್ನೇ ಕೇಳುತ್ತಾನೆ.

ನಿನ್ನ ಅಣ್ಣನ ಮಗಳು


ಮೇ ೧೧

ತರಲೆಗೆ,

ಅಯ್ಯೋ ಮಂಕೇ. ಜಾಕಿ ವಿಷಯಕ್ಕೆ ಮುನಿಸಿಕೊಂಡದ್ದು ನಿಜ, ಇಲ್ಲದಿದ್ದರೆ ಇದನ್ನು ಆಗಲೇ ಹೇಳುತ್ತಿದ್ದೆ. ಕಣ್ಣು ಬಿಡಿಸಬೇಡ ಅಂದರೆ ಕಣ್ಣು ತೆರೆಸಬೇಡ ಅಂತ. ನಿದ್ದೆ ಮಾಡುವವನ ರೆಪ್ಪೆ ಮುಚ್ಚಿರಲಿ ಅಂತ. ಒಂದು ಬಾಗಿದ ಗೆರೆ, ಅಷ್ಟೇ. ನೀನು ಚಿತ್ರ ಬಿಡಿಸುವವಳು, ನಿನಗೆ ಬಿಡಿಸುವುದು ಅಂದರೆ ಅದೊಂದೇ. ನಾನು ಮಲಗಿದ ಅಣ್ಣನ ಕಣ್ಣು ಬಿಡಿಸದ ಹಾಗೆ ಗಾಡಿ ಓಡಿಸಿದವನು, ನನಗೆ ಅದೊಂದೇ. ಬಲೆಯಕ್ಕನಿಗೆ ಹೇಳಿದೆ. ಅವಳು ನಕ್ಕು ನಕ್ಕು ಬಲೆಯ ಗಂಟು ತಪ್ಪಿಸಿದಳು. ಆಮೇಲೆ ಅತ್ತಳು. ಅವಳ ಸ್ವಭಾವ ಹಾಗೆ.

ಆದರೆ ನೀನು ಬರೆದದ್ದು ತಪ್ಪಲ್ಲ. ಯಾರನ್ನು ನೋಡಿದರೂ ನನಗೆ ಹಾಗೇ ಕಾಣುತ್ತದೆ. ಕೂದಲಿದೆ, ಕಿವಿಯಿದೆ, ಅಂಗಿಯ ಕಾಲರ್ ಇದೆ. ನಡುವೆ ಹಾಲು ಚೆಲ್ಲಿದ ಹಾಗೆ ಒಂದು ಮಸುಕು. ಬಲೆಯಕ್ಕನ ಮುಖ ನಾನು ಇವತ್ತಿನವರೆಗೂ ಕಂಡಿಲ್ಲ. ಧ್ವನಿ ಕೇಳಿದರೆ ಚೆಲುವೆ ಅನ್ನಿಸುತ್ತದೆ. ಅಂಚು ಉಳಿದಿದೆ, ಉಳಿಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಓರೆಯಾಗಿ ನೋಡಿದರೆ ದೊಡ್ಡ ಅಕ್ಷರ ಸಿಗುತ್ತದೆ, ನಡೆಯಲು ದಾರಿ ಸಿಗುತ್ತದೆ. ಅಣ್ಣನಿಗೆ ಹೇಳು, ಪೂರ್ತಿ ಹೋಗಿಲ್ಲ. ಊಟ ಮಾಡಲು ಹೇಳು.

ದೋಣಿಗಳಿಗೆ ಹೆಸರು ಬರೆಯುತ್ತೇನೆ ಅಂದದ್ದು ಸುಳ್ಳು. ಅದನ್ನು ಬಿಟ್ಟು ಬಹಳ ಕಾಲವಾಯಿತು. ತಳಕ್ಕೆ ಬಣ್ಣ ಬಳಿಯುತ್ತೇನೆ. ತಳಕ್ಕೆ ಮುಖ ಬೇಕಿಲ್ಲ.

ಅಣ್ಣನಿಗೆ ಗೊತ್ತಿತ್ತು ಅನ್ನುವ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ನಾನು ಅವನಿಂದ ಮುಚ್ಚಿಟ್ಟಿದ್ದೆ. ಅವನು ತನಗೆ ಗೊತ್ತಿದ್ದದ್ದನ್ನು ನನ್ನಿಂದ ಮುಚ್ಚಿಟ್ಟಿದ್ದ. ಒಂದೇ ಗಾಡಿಯಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಅದೇ ಗಂಟನ್ನು ತೊಡೆ ಮೇಲಿಟ್ಟುಕೊಂಡು ಹೋಗುತ್ತಿದ್ದೆವು.

ಬಾ ಅಂತ ನೀನು ಬರೆದಿದ್ದೆ. ನಾನು ಬರುವುದಿಲ್ಲ. ಕೋಪದಿಂದಲ್ಲ. ಬಂದರೆ ಗಾಡಿಯಲ್ಲಿ ಎಲ್ಲಿ ಕೂರಲಿ? ಎಡಗಡೆ ಮಲಗುವವನ ಜಾಗ. ನಾನು ಆ ಗಾಡಿಯಲ್ಲಿ ಒಂದು ದಿನವೂ ಮಲಗಿದವನಲ್ಲ. ಕಣ್ಣಿದ್ದಾಗ ಓಡಿಸಿದವನು ಕಣ್ಣು ಹೋದ ಮೇಲೆ ಸಾಮಾನಿನ ಹಾಗೆ ಹೋಗಿ ಬರಬೇಕಾ? ದಿಂಬುಗಳೇ ಕೂತಿರಲಿ. ಎಡಗಡೆಯವನಿಗೆ ಒಂದು ರೆಪ್ಪೆ ಎಳೆದು ಕೆಲಸ ಮುಗಿಸು.

ಚಿಕ್ಕಪ್ಪ


ಮೇ ೧೫

ಹಠಮಾರಿ ಮಂಡಲದ ಏಕಸದಸ್ಯರಿಗೆ,

ತುರ್ತು ಸಮಾಚಾರ. ಅದಕ್ಕೇ ದಪ್ಪ ಬ್ರಶ್ಶು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಹಾಸಿಗೆಯೊಂದರ ಅಂಚು ಹೊಲಿಯುತ್ತಿದ್ದ. ಪೂರ್ತಿ ಕೇಳಿ, ದಾರವನ್ನು ಹಲ್ಲಿನಿಂದ ಕಡಿದು, "ಎಡಗಡೆ ಸೀಟಿನ ಸ್ಪ್ರಿಂಗು ಮೇಲೆ ಬಂದಿದೆ, ಅಲ್ವಾ" ಅಂದ.

"ಅದಕ್ಕೂ ಇದಕ್ಕೂ ಏನು ಸಂಬಂಧ?" ಅಂದಳು ಅಮ್ಮ.

"ಕೂರಬೇಕಾದವನು ಗಟ್ಟಿ ಮನುಷ್ಯ. ಸೀಟಾದ್ರೂ ಮೆತ್ತಗಿರಲಿ."

ಗಿರಾಕಿಯ ಹಾಸಿಗೆ ಬದಿಗಿಟ್ಟು, ಇದ್ದುದರಲ್ಲೇ ಒಳ್ಳೆಯ ಹತ್ತಿ ಹಿಂಜಿ ಆ ಸೀಟು ಕಟ್ಟಿದ. ನಾನು ರೆಪ್ಪೆ ಎಳೆಯಲು ಬ್ರಶ್ಶು ತೆಗೆದರೆ ಕಿತ್ತುಕೊಂಡ. "ನೀನು ಮುಟ್ಟಬೇಡ. ನಿಂದು ಆಯ್ತು" ಅಂದ. ಸಣ್ಣ ಬ್ರಶ್ಶು, ಕಪ್ಪು ಬಣ್ಣದ ಡಬ್ಬಿ, ಒರೆಸುವ ಬಟ್ಟೆ ಎಲ್ಲ ಗಾಡಿಯೊಳಗಿಟ್ಟ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯಿಲ್ಲ, ಅಪ್ಪನಿಲ್ಲ. ಎದ್ದು ಅಂದೆ, ನಾವು ಎದ್ದದ್ದು. ಅವನು ಮಲಗಿದ್ದರೆ ತಾನೇ ಏಳೋದು.

ಅಮ್ಮನಿಗೆ ಹೆದರಿಕೆ. ಇಷ್ಟು ದೂರ ಅವನು ಓಡಿಸಿದ್ದಿಲ್ಲ, ಅದೂ ನಿದ್ದೆಗೆಟ್ಟು. ನನಗೂ ಹೆದರಿಕೆ, ಆದರೆ ನನ್ನ ಸ್ಥಾನಮಾನಕ್ಕೆ ಅದು ಶೋಭೆಯಲ್ಲ. ಅಪ್ಪ ಓಡಿಸುವ ವೇಗಕ್ಕೆ ಅಂಚೆಯೇ ಮೊದಲು ಬರುತ್ತದೆ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಚಂದ್ರ ಬರೆದ ಗಾಡಿ ಬಂದರೆ ದೋಣಿ ಹಿಂದೆ ಅವಿತುಕೊಳ್ಳಬೇಡ. ಬಂದು ಮುಟ್ಟಿದ ಅಂತ ಒಂದು ಸಾಲು ಬರೆ. ಒಂದೇ ಸಾಲು ಸಾಕು.

ತರಲೆ


ಮೇ ೨೦

ತರಲೆಗೆ,

ಅಣ್ಣ ಬಂದು ಮುಟ್ಟಿದ. ಇದು ನೀನು ಕೇಳಿದ ಒಂದು ಸಾಲು. ಉಳಿದದ್ದು ನನ್ನ ಖುಷಿಗೆ.

ನಿನ್ನ ಕಾಗದ ಬೆಳಿಗ್ಗೆ ಬಂತು, ಅವನು ಸಂಜೆ ಬಂದ. ನಾನು ಅವಿತುಕೊಂಡಿರಲಿಲ್ಲ. ದೋಣಿಯ ಆ ಮಗ್ಗುಲಲ್ಲಿ ಕೆಲಸವಿತ್ತು, ಅಷ್ಟೇ. ಗಾಡಿಯ ಸದ್ದು ಗೊತ್ತಾಯಿತು. ನಿಲ್ಲಿಸಿದ, ಇಳಿದ. ಓರೆಯಾಗಿ ನೋಡಿದೆ. ಭುಜ ಬಾಗಿದೆ, ಕೂದಲು ಬೆಳ್ಳಗಾಗಿದೆ. ಮುಖದ ಜಾಗದಲ್ಲಿ ಆ ಮಸುಕು.

"ಏನೋ" ಅಂದ.

"ಏನಣ್ಣ" ಅಂದೆ.

"ಗುರುತು ಸಿಕ್ತಾ?"

"ಇಷ್ಟು ಕೆಟ್ಟದಾಗಿ ಬ್ರೇಕ್ ಹಾಕೋರು ಇನ್ಯಾರಿದ್ದಾರೆ?"

ಅವನು ನಕ್ಕ. ನಕ್ಕದ್ದು ಕಿವಿಗೆ ಸಿಕ್ಕಿತು, ಮುಖ ಇಲ್ಲದಿದ್ದರೂ ನಡೆಯಿತು. ಆಮೇಲೆ ಇಬ್ಬರೂ ಗಾಡಿಯ ಎರಡು ಬದಿಗೆ ಒರಗಿ ನಿಂತಿದ್ದು, ಬಲೆಯಕ್ಕ ಬಂದು, "ಬಂದವರಿಗೆ ನೀರು ಬೇಕಾ ಅಂತ ಕೇಳೋ ಸಂಪ್ರದಾಯ ನಿಮ್ಮ ಮನೇಲಿಲ್ವಾ" ಅಂತ ಬೈದ ಮೇಲೆ ಸರಿಹೋದೆವು.

ಮರುದಿನ ಬೆಳಕು ಚೆನ್ನಾಗಿದ್ದಾಗ ಎಡಬಾಗಿಲಿನ ಮುಂದೆ ಕರೆದುಕೊಂಡು ಹೋಗಿ ಬ್ರಶ್ಶು ಕೈಗಿಟ್ಟ. ಆಗಲ್ಲ ಅಂದೆ. "ಅಂಚಿನಲ್ಲಿ ನೋಡಿ ಬರಿ. ನಾನು ಏನೂ ಹೇಳಲ್ಲ" ಅಂದ. ಮುಖ ಆಚೆ ತಿರುಗಿಸಿ, ಎಡಗೈಯಲ್ಲಿ ಚಂದ್ರನ ಮೂಗು ಸವರಿ ಜಾಗ ಹಿಡಿದೆ. ನಿನ್ನ ಬಣ್ಣ ಒಳ್ಳೆಯದಾಗಿ ಕೂತಿದೆ. ಒಂದು ಕಡೆ ಅಂಗೈಯ ಗುರುತಿದೆ, ಅಣ್ಣನದು. ಉಸಿರು ಹಿಡಿದು ಗೆರೆ ಎಳೆದೆ. ಮುಚ್ಚಿದ ರೆಪ್ಪೆಯೇ ಎಳೆದದ್ದು, ಆದರೆ ನಡುವೆ ಕೈ ಕೊಂಚ ಎದ್ದುಹೋಗಿ ಸಂದು ಬಿಟ್ಟಿತಂತೆ. ಚಂದ್ರ ಆಗಷ್ಟೇ ಮಂಪರಿಗೆ ಜಾರುತ್ತಿದ್ದಾನೋ ಎಚ್ಚರವಾಗುತ್ತಿದ್ದಾನೋ ಹೇಳಲಾಗದಂತಿದೆ ಅಂದ. ಒರೆಸಿ ಇನ್ನೊಂದು ಸಲ ಎಳೆಯುತ್ತೇನೆ ಅಂದರೆ ಬಟ್ಟೆ ಕೊಡಲಿಲ್ಲ.

ಸೀಟಿನ ವಿಷಯಕ್ಕೆ ಜಗಳವಾಯಿತು. "ಅಷ್ಟು ವರ್ಷ ನಾನು ಕೂತಿರ್ಲಿಲ್ವಾ ಅಲ್ಲಿ? ಅದರಲ್ಲಿ ಅವಮಾನ ಇದ್ದಿದ್ರೆ ನನಗೂ ಆಗ್ಬೇಕಿತ್ತಲ್ಲ" ಅಂದ. ನೋಡುವುದಕ್ಕೆ ಅಂತ ಹತ್ತಿ ಕೂತೆ. ಒಳ್ಳೆಯ ಹತ್ತಿ. ಬಲೆಯಕ್ಕ ನನ್ನ ಚೀಲ ತಂದು ಕಿಟಕಿಯಿಂದ ಒಳಗೆ ಹಾಕಿದಳು. ಅಣ್ಣ ಬಾಗಿಲು ಹಾಕಿದ.

ಅವನ ಚಾಲನೆ ಏನು ಹೇಳಲಿ. ಎಮ್ಮೆಯನ್ನು ಮೆಟ್ಟಿಲು ಹತ್ತಿಸಿದ ಹಾಗೆ. ನಾನು ಸುಮ್ಮನೆ ಕೂರಲಾಗದೆ ಚಕ್ರದ ಸದ್ದು ಕೇಳಿ, "ಗೇರು ಇಳಿಸು", "ಈಗ ಬಿಡು", "ರಸ್ತೆ ಒರಟಾಯ್ತು, ಮೆಲ್ಲಗೆ" ಅನ್ನತೊಡಗಿದೆ. ಮೊದಲು ಗೊಣಗಿದ. ಆಮೇಲೆ ಹೇಳಿದ ಹಾಗೆ ಮಾಡಿದ. ಇವತ್ತು ಬೆಳಿಗ್ಗೆಯಿಂದ ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಮರಗಳು ಅಂಚಿನಲ್ಲಿ ಬಂದು ಅಂಚಿನಲ್ಲೇ ಹೋದವು. ಯಾವುದೋ ಊರಿನ ಮಕ್ಕಳು ಗಾಡಿ ನೋಡಿ ಕೂಗಿದ್ದು ಕೇಳಿಸಿತು. ಕೈ ಕಿಟಕಿಯಾಚೆ ಇಳಿಬಿಟ್ಟಿದ್ದೆ. ಬಣ್ಣ ಪೂರ್ತಿ ಒಣಗಿದೆ.

ಮಧ್ಯಾಹ್ನ ಆಗುತ್ತಿದ್ದ ಹಾಗೆ, "ಒಂದು ನಿಮಿಷ ಕಣೋ" ಅಂತ ಒಂದು ಮರದಡಿ ನಿಲ್ಲಿಸಿದ. ಸ್ಟೇರಿಂಗ್ ಮೇಲೆ ತೋಳು, ತೋಳಿನ ಮೇಲೆ ತಲೆ. ಅಷ್ಟೇ. ಬಿಸಿಲು ಈ ಕಡೆಯಿಂದ ಆ ಕಡೆಗೆ ಹೋಗಿದೆ, ಅವನು ಎದ್ದಿಲ್ಲ. ಗೊರಕೆ ಹಳೆಯದೇ. ಲಾರಿಯೊಂದು ಹಾರ್ನ್ ಹೊಡೆದಾಗ ನಾನು ಕೈ ಹೊರಗೆ ಚಾಚಿ, ಸುಮ್ಮನೆ ಹೋಗಪ್ಪ ಅಂತ ಸನ್ನೆ ಮಾಡಿದೆ. ಕೂತಲ್ಲೇ ತೊಡೆಯ ಮೇಲೆ ಹಾಳೆಯಿಟ್ಟು ಇದನ್ನು ಬರೆದೆ.

ಅಮ್ಮ ಹೆದರಿದ್ದಾಳೆ ಅಂದೆಯಲ್ಲ, ಇದು ಬೇಗ ತಲುಪಬೇಕು. ರಸ್ತೆಯ ಆ ಬದಿಯಲ್ಲಿ ಕೆಂಪಗೆ ಕಾಣುತ್ತಿರುವುದು ಅಂಚೆ ಡಬ್ಬಿಯೇ ಇರಬೇಕು. ಇಳಿದು ಹಾಕಿ ಬರಬಹುದಿತ್ತು. ಆದರೆ ಈ ಬಾಗಿಲು ತೆಗೆದರೆ ಕಿರ್ ಅನ್ನುತ್ತದೆ. ಅವನು ಎದ್ದ ಮೇಲೆ ಹಾಕುತ್ತೇನೆ.

ಚಿಕ್ಕಪ್ಪ